ಡಾಕ್ಟರ್ ಯಾಕೆ ವಿಮಾನದಿಂದ ಹಾರಬೇಕು?

ಎರಡು ವಾರದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಹಾಸನದಿಂದ ಚಿಕ್ಕಮ್ಮನ ಫೋನ್ ಬಂತು. ಸಾಮಾನ್ಯವಾಗಿ "ತಿಂಡಿ ಆಯ್ತಾ, ಅಲ್ಲಿ ಚಳಿ ಹೇಗಿದೆ" ಅಂತ ಶುರುವಾಗುವ ಮಾತು ಅವತ್ತು ನೇರವಾಗಿ ವಿಷಯಕ್ಕೇ ಬಂತು.

"ನೋಡೋ, ನಿನ್ನ ತಮ್ಮನಿಗೆ ನೀನಾದ್ರೂ ಬುದ್ಧಿ ಹೇಳು. ಮಿಲಿಟರಿ ಡಾಕ್ಟರ್ ಆಗ್ತೀನಿ ಅಂದ, ಆಯ್ತಪ್ಪ ಅಂದ್ವಿ. ಈಗ ಪ್ಯಾರಾಗೆ ಹೆಸರು ಕೊಡ್ತಾನಂತೆ. ಐದೂವರೆ ವರ್ಷ ಎಂಬಿಬಿಎಸ್ ಓದಿಸಿದ್ದು ವಿಮಾನದಿಂದ ಹಾರೋದಕ್ಕಾ?"

ಹತ್ತು ನಿಮಿಷಕ್ಕೆ ಅವನ ಮೆಸೇಜೂ ಬಂತು. "ಅಣ್ಣಾ, ಅಮ್ಮ ಫೋನ್ ಮಾಡಿರ್ತಾರೆ ಅಂತ ಗೊತ್ತು. ದಯವಿಟ್ಟು ಅವರ ಪರ ಮಾತಾಡ್ಬೇಡ."

ಇಬ್ಬರಿಗೂ ನಾನು ಕೊಟ್ಟ ಉತ್ತರ ಒಂದೇ: ಸ್ವಲ್ಪ ಟೈಮ್ ಕೊಡಿ, ಓದ್ಕೊಂಡು ಹೇಳ್ತೀನಿ. ಚಿಕ್ಕಮ್ಮನ ಪ್ರಶ್ನೆ ನನಗೆ ನ್ಯಾಯವಾಗಿಯೇ ಕಂಡಿತ್ತು. ಒಬ್ಬ ವೈದ್ಯನನ್ನು ತಯಾರು ಮಾಡೋಕೆ ವರ್ಷಗಟ್ಟಲೆ ಬೇಕು. ಅಂಥವನನ್ನು ಬೆನ್ನಿಗೆ ಮೂಟೆ ಕಟ್ಟಿ ಓಡಿಸೋದು, ಕೆಸರಲ್ಲಿ ತೆವಳಿಸೋದು, ಸಾವಿರ ಅಡಿ ಮೇಲಿಂದ ಕೆಳಕ್ಕೆ ತಳ್ಳೋದು ಯಾಕೆ? ವೈದ್ಯ ಹಿಂದೆ ಆಸ್ಪತ್ರೆಯಲ್ಲಿ ಇರಲಿ, ಗಾಯಗೊಂಡವರನ್ನು ಅಲ್ಲಿಗೆ ತರಲಿ. ಅಷ್ಟೇ ಅಲ್ವಾ?

ಅಷ್ಟೇ ಅಲ್ಲ ಅಂತ ಓದ್ತಾ ಹೋದ ಹಾಗೆ ಗೊತ್ತಾಯಿತು. ಪಾಡ್‌ಕಾಸ್ಟ್‌ನ ನಲವತ್ತು ನಿಮಿಷದಲ್ಲಿ ಹಿಡಿಸದ್ದನ್ನೆಲ್ಲ ಇಲ್ಲಿ ಬರೆದಿದ್ದೀನಿ.

ಬಾಗಿಲು ಒಂದೇ

ಮೊದಲು ಇವತ್ತಿನ ದಾರಿ ಹೇಗಿದೆ ನೋಡೋಣ. ಭಾರತದ ಸೇನೆಯಲ್ಲಿ ವೈದ್ಯರು ಸೇರುವುದು ಆರ್ಮಿ ಮೆಡಿಕಲ್ ಕೋರ್‌ಗೆ. ಕೆಲವರು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿ ಬರುತ್ತಾರೆ, ಇನ್ನು ಕೆಲವರು ಬೇರೆ ಕಾಲೇಜುಗಳಲ್ಲಿ ಎಂಬಿಬಿಎಸ್ ಮುಗಿಸಿ ನೇರವಾಗಿ ಸೇರುತ್ತಾರೆ. ಲಕ್ನೋದಲ್ಲಿ ಸೇನೆಯ ಮೂಲ ತರಬೇತಿ ಆಗುತ್ತದೆ. ಇವರಲ್ಲಿ ಹೆಚ್ಚಿನವರು ಜೀವನದಲ್ಲಿ ಒಮ್ಮೆಯೂ ಪ್ಯಾರಾಚೂಟ್ ಕಟ್ಟಿಕೊಳ್ಳುವುದಿಲ್ಲ. ಮಿಲಿಟರಿ ಆಸ್ಪತ್ರೆಗಳಲ್ಲಿ, ಗಡಿಯ ತುಕಡಿಗಳಲ್ಲಿ ಕೆಲಸ ಮಾಡುತ್ತಾರೆ.

ಪ್ಯಾರಾ ಪಡೆಗೆ ಹೋಗಬೇಕೆಂದರೆ ತಾವಾಗಿಯೇ ಹೆಸರು ಕೊಡಬೇಕು. ಯಾರೂ ಬಲವಂತ ಮಾಡುವ ಹಾಗಿಲ್ಲ. ಹೆಸರು ಕೊಟ್ಟ ಮೇಲೆ "ಪ್ರೊಬೇಷನ್" ಎಂಬ ಪರೀಕ್ಷೆಯ ಅವಧಿ. ಭಾರ ಹೊತ್ತು ಓಟ, ನಿದ್ದೆಗೆಟ್ಟು ನಡಿಗೆ, ಆಯುಧ ತರಬೇತಿ, ನಕ್ಷೆ ನೋಡಿ ದಾರಿ ಹುಡುಕುವುದು, ಎಲ್ಲವೂ ಅದರಲ್ಲಿ ಸೇರಿದೆ. ದಾಟದವರು ಮೊದಲಿದ್ದ ಘಟಕಕ್ಕೆ ವಾಪಸ್. ದಾಟಿದವರು ಆಗ್ರಾದಲ್ಲಿ ವಾಯುಪಡೆ ನಡೆಸುವ ಪ್ಯಾರಾಟ್ರೂಪರ್ಸ್ ಶಾಲೆಗೆ ಹೋಗುತ್ತಾರೆ. ಅಲ್ಲಿ ಐದು ಜಿಗಿತ, ಅದರಲ್ಲಿ ಒಂದು ರಾತ್ರಿಯದು. ಆಮೇಲೆ ಎದೆಯ ಮೇಲೆ ರೆಕ್ಕೆಯ ಬ್ಯಾಡ್ಜ್, ತಲೆಯ ಮೇಲೆ ಮರೂನ್ ಬಣ್ಣದ ಟೋಪಿ. (ಬೆಂಗಳೂರಿನವರು ಈ ಟೋಪಿಯನ್ನು ರಸ್ತೆಯಲ್ಲಿ ನೋಡಿರಬಹುದು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲೇ ಇದೆ.)

ಗಮನಿಸಬೇಕಾದ್ದು ಏನಂದ್ರೆ, ವೈದ್ಯರಿಗೆ ಅಂತ ಬೇರೆ ಬಾಗಿಲು ಇಲ್ಲ. ಎಂಬಿಬಿಎಸ್ ಪದವಿ ಇದೆ ಅಂತ ಮೂಟೆಯ ಭಾರ ಕಮ್ಮಿ ಮಾಡೋದಿಲ್ಲ. ಬೇರೆ ದೇಶಗಳಲ್ಲೂ ಹೀಗೇ. ಬ್ರಿಟನ್ನಿನ ಪ್ಯಾರಾಚೂಟ್ ಪಡೆಯ ಜೊತೆ ಇರಬೇಕಾದ ವೈದ್ಯರು "ಪಿ ಕಂಪನಿ" ಎಂಬ ಆಯ್ಕೆ ಪರೀಕ್ಷೆಯನ್ನು ಸೈನಿಕರ ಜೊತೆಯಲ್ಲೇ ಎದುರಿಸುತ್ತಾರೆ. ಅಮೆರಿಕದ 75ನೇ ರೇಂಜರ್ ರೆಜಿಮೆಂಟಿಗೆ ಸೇರುವ ವೈದ್ಯಾಧಿಕಾರಿಗಳೂ ಅದರ ಆಯ್ಕೆ ಪ್ರಕ್ರಿಯೆಯನ್ನು ದಾಟಲೇಬೇಕು. ಅಲ್ಲಿನ ಪ್ರಸಿದ್ಧ ರೇಂಜರ್ ಸ್ಕೂಲ್‌ನಲ್ಲಿ ಎರಡು ತಿಂಗಳ ತರಬೇತಿ ಮುಗಿಯುವವರೆಗೆ ಯಾರ ಅಂಗಿಯ ಮೇಲೂ ದರ್ಜೆಯ ಗುರುತು ಇರುವುದಿಲ್ಲ. ಕ್ಯಾಪ್ಟನ್ನೂ ಅಷ್ಟೇ, ನಿನ್ನೆ ಮೊನ್ನೆ ಸೇರಿದ ಸೈನಿಕನೂ ಅಷ್ಟೇ.

ಈ ಪದ್ಧತಿ ಭಾರತದಲ್ಲಿ ಶುರುವಾದದ್ದು ಹೇಗೆ ಅಂತ ಹುಡುಕುತ್ತಾ ಹೋದರೆ ಒಂದು ಅಚ್ಚರಿ ಸಿಗುತ್ತದೆ. ಮೊದಲು ಹಾರಿದವರಲ್ಲೇ ಒಬ್ಬರು ಡಾಕ್ಟರ್.

1941: ದೆಹಲಿ

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಾಚೂಟ್ ಪಡೆಗಳನ್ನು ಬಳಸಿದ್ದನ್ನು ಕಂಡ ಬ್ರಿಟಿಷರು ತಾವೂ ಅಂಥ ಪಡೆ ಕಟ್ಟಲು ಹೊರಟರು. ಭಾರತದಲ್ಲಿ 1941ರ ಅಕ್ಟೋಬರ್‌ನಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿತು. ಅದರಲ್ಲಿ ಮೂರು ಬೆಟಾಲಿಯನ್: 151 ಬ್ರಿಟಿಷರದು, 152 ಭಾರತೀಯರದು, 153 ಗೂರ್ಖಾಗಳದು. ದೆಹಲಿಯ ವಿಲ್ಲಿಂಗ್ಡನ್ ವಿಮಾನ ನಿಲ್ದಾಣದಲ್ಲಿ, ಅಂದ್ರೆ ಈಗಿನ ಸಫ್ದರ್‌ಜಂಗ್‌ನಲ್ಲಿ, ತರಬೇತಿ. ಹಾರಲು ಇದ್ದದ್ದು ವ್ಯಾಲೆನ್ಷಿಯಾ ಎಂಬ ಹಳೇ ಕಾಲದ ಎರಡಂತಸ್ತಿನ ರೆಕ್ಕೆಯ ವಿಮಾನ. ಪ್ಯಾರಾಚೂಟ್‌ಗಳಿಗೂ ಬರ.

ಪ್ರತಿ ಬೆಟಾಲಿಯನ್‌ಗೂ ಒಬ್ಬ ವೈದ್ಯ ಇರುತ್ತಾರೆ. 152ನೇ ಬೆಟಾಲಿಯನ್‌ನ ವೈದ್ಯರ ಹೆಸರು ಆರ್ಕಾಟ್ ಗೋವಿಂದರಾಜ್ ರಂಗರಾಜ್. ಹೆಸರೇ ಹೇಳುವ ಹಾಗೆ ತಮಿಳು ನಾಡಿನ ಕಡೆಯವರು. ಆಗ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಯುವ ಅಧಿಕಾರಿ. ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ ಮೊದಲ ಭಾರತೀಯ ಸೈನಿಕರು ಅಂತ ಸೇನೆಯ ಇತಿಹಾಸ ನೆನೆಯುವುದು ಇಬ್ಬರನ್ನು: ಡಾಕ್ಟರ್ ರಂಗರಾಜ್, ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್.

ಇದನ್ನು ಬರೀ ಧೈರ್ಯದ ಕತೆ ಅಂತ ಓದಬಾರದು ಅನ್ಸುತ್ತೆ. ಬೆಟಾಲಿಯನ್‌ನ ವೈದ್ಯ ಮಾಡುವ ಕೆಲಸ ಯೋಚಿಸಿ. ಕಾಲು ಉಳುಕಿದವನನ್ನು ನೋಡುವುದು ಅವನು. "ನನ್ನಿಂದ ಇವತ್ತು ಹಾರೋಕೆ ಆಗಲ್ಲ" ಅನ್ನುವವನಿಗೆ ನಿಜವಾಗಿ ಹುಷಾರಿಲ್ಲವೋ, ಹೆದರಿಕೆಯೋ ಅಂತ ಹೇಳಬೇಕಾದವನೂ ಅವನೇ. ತಾನೇ ಹಾರದ ಡಾಕ್ಟರ್ ಆ ಮಾತು ಹೇಳಿದರೆ ಒಬ್ಬ ಸೈನಿಕ ಯಾಕೆ ನಂಬಬೇಕು? ಈಜು ಬಾರದವನು ದಡದಲ್ಲಿ ನಿಂತು "ನೀರು ಆಳ ಇಲ್ಲ, ಇಳಿ" ಅಂದ ಹಾಗಾಗುತ್ತದೆ.

ಆ ಬ್ರಿಗೇಡ್‌ಗೆ ದೊಡ್ಡ ಪರೀಕ್ಷೆ ಬಂದದ್ದು ಆಕಾಶದಲ್ಲಲ್ಲ, ನೆಲದ ಮೇಲೆ. 1944ರ ಮಾರ್ಚ್‌ನಲ್ಲಿ ಜಪಾನೀ ಸೇನೆ ಬರ್ಮಾದಿಂದ ಮಣಿಪುರಕ್ಕೆ ನುಗ್ಗಿತು. ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ ಈ ಪ್ಯಾರಾಚೂಟ್ ಬ್ರಿಗೇಡ್ ಕೆಲವು ದಿನ ಅವರನ್ನು ತಡೆದು ನಿಲ್ಲಿಸಿತು. ಕುಡಿಯುವ ನೀರಿಗೂ ಪರದಾಟ. ವಿಮಾನಗಳು ಮೇಲಿಂದ ಇಳಿಬಿಟ್ಟ ಸಾಮಾನಿನಲ್ಲಿ ಹೆಚ್ಚಿನದು ಗುರಿ ತಪ್ಪಿ ಜಪಾನೀಯರ ಕಡೆ ಬೀಳುತ್ತಿತ್ತು. 80ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್‌ನ ವೈದ್ಯರು ಅದೇ ಇಕ್ಕಟ್ಟಾದ ಜಾಗದಲ್ಲಿ, ಅದೇ ಶೆಲ್‌ಗಳ ಮಳೆಯಲ್ಲಿ, ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದರು. ಕೊನೆಗೆ ಮಾರ್ಚ್ 26ರ ರಾತ್ರಿ ಹಿಂದೆ ಸರಿಯಲು ಆದೇಶ ಬಂತು. ಉಳಿದವರು ಕತ್ತಲಲ್ಲಿ ಕಾಡುಗುಡ್ಡ ದಾಟಿ ಇಂಫಾಲದ ಕಡೆ ನಡೆದರು. ನಡೆಯಲಾಗದಷ್ಟು ಗಾಯಗೊಂಡವರನ್ನು ಅಲ್ಲೇ ಬಿಟ್ಟು ಹೋಗಬೇಕಾಯಿತು.

ಆ ಕೊನೆಯ ವಾಕ್ಯ ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಹೊರುವವರ ಕಾಲಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದರ ಮೇಲೂ ಗಾಯಾಳುವಿನ ಪ್ರಾಣ ನಿಲ್ಲುತ್ತದೆ. ವೈದ್ಯನಿಗೆ ಕಾಲಾಳಿನ ತರಬೇತಿ ಯಾಕೆ ಅನ್ನೋದಕ್ಕೆ ಮೊದಲ ಉತ್ತರ ಅಲ್ಲಿದೆ.

1950: ಒಂದು ರೈಲು

"ಫೀಲ್ಡ್ ಆಂಬುಲೆನ್ಸ್" ಅಂದ ಕೂಡಲೇ ಸೈರನ್ ಹಾಕಿಕೊಂಡು ಹೋಗುವ ವ್ಯಾನ್ ಕಣ್ಣ ಮುಂದೆ ಬರಬಹುದು. ಸೇನೆಯ ಭಾಷೆಯಲ್ಲಿ ಅದು ವಾಹನ ಅಲ್ಲ, ಒಂದು ಘಟಕ. ವೈದ್ಯರು, ಸರ್ಜನ್‌ಗಳು, ಅರಿವಳಿಕೆ ಕೊಡುವವರು, ನರ್ಸಿಂಗ್ ಸಹಾಯಕರು, ಸ್ಟ್ರೆಚರ್ ಹೊರುವವರು, ಅಡುಗೆಯವರು ಎಲ್ಲ ಸೇರಿ ಒಂದು ನಡೆದಾಡುವ ಆಸ್ಪತ್ರೆ. ಅದನ್ನೇ ವಿಮಾನದಿಂದ ಇಳಿಸುವ ಹಾಗೆ ಕಟ್ಟಿದರೆ "ಪ್ಯಾರಾ ಫೀಲ್ಡ್ ಆಂಬುಲೆನ್ಸ್".

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆ ಸದಸ್ಯ ದೇಶಗಳ ನೆರವು ಕೇಳಿತು. ನೆಹರೂ ಸರ್ಕಾರ ಕಾದಾಡುವ ಪಡೆ ಕಳಿಸುವುದಿಲ್ಲ, ವೈದ್ಯರನ್ನು ಕಳಿಸುತ್ತೇವೆ ಅಂತ ತೀರ್ಮಾನಿಸಿತು. ಹೊರಟದ್ದು 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್, ಸುಮಾರು 340 ಮಂದಿ. ಮುಖ್ಯಸ್ಥರು ಅದೇ ರಂಗರಾಜ್, ಆಗ ಲೆಫ್ಟಿನೆಂಟ್ ಕರ್ನಲ್. ನವೆಂಬರ್‌ನಲ್ಲಿ ಪೂಸಾನ್ ಬಂದರಿನಲ್ಲಿ ಇಳಿದರು.

ಅವರು ಉತ್ತರದ ಪ್ಯೊಂಗ್ಯಾಂಗ್ ತಲುಪುವ ಹೊತ್ತಿಗೆ ಯುದ್ಧದ ದಿಕ್ಕೇ ಬದಲಾಗಿತ್ತು. ಚೀನಾದ ಸೇನೆ ಯಾಲು ನದಿ ದಾಟಿ ಬಂದು ವಿಶ್ವಸಂಸ್ಥೆಯ ಪಡೆಗಳನ್ನು ದಕ್ಷಿಣಕ್ಕೆ ಅಟ್ಟುತ್ತಿತ್ತು. ಎಲ್ಲರೂ ಊರು ಖಾಲಿ ಮಾಡುವ ತರಾತುರಿಯಲ್ಲಿದ್ದರು. ರಂಗರಾಜ್ ಅವರ ಘಟಕಕ್ಕೆ ಸಾಮಾನು ಸಾಗಿಸಲು ವಾಹನ ಇರಲಿಲ್ಲ. ಉಪಕರಣಗಳನ್ನು ಸುಟ್ಟು ಜೀವ ಉಳಿಸಿಕೊಂಡು ಹೊರಡಿ ಅನ್ನುವುದು ಮೇಲಿನವರ ಮಾತು. ಅವರು ಒಪ್ಪಲಿಲ್ಲ. ಆಪರೇಷನ್ ಟೇಬಲ್, ಔಷಧಿ, ಕ್ರಿಮಿಶುದ್ಧಿ ಮಾಡುವ ಸಾಧನ ಇವನ್ನೆಲ್ಲ ಕಳಕೊಂಡ ಸರ್ಜನ್ ಯುದ್ಧಭೂಮಿಯಲ್ಲಿ ಏನು ಮಾಡಬೇಕು?

ನಿಲ್ದಾಣದಲ್ಲಿ ಒಂದು ಉಗಿಬಂಡಿಯ ಎಂಜಿನ್, ಕೆಲವು ಬೋಗಿಗಳು ಕಂಡವು. ಎಂಜಿನ್ ಓಡಿಸುವ ಬಗ್ಗೆ ತುಸು ತಿಳಿದವರು ಘಟಕದಲ್ಲೇ ಇದ್ದರು. ಸಾಲಾಗಿ ನಿಂತು, ಕೈಯಿಂದ ಕೈಗೆ ಬಕೆಟ್ ದಾಟಿಸಿ, ಬಾಯ್ಲರ್‌ಗೆ ನೀರು ತುಂಬಿದರು. ಉರಿ ಹಾಕಿದರು. ಸಾಮಾನೆಲ್ಲ ಏರಿಸಿ, ನದಿಯ ಸೇತುವೆಗಳನ್ನು ಸ್ಫೋಟಿಸುವ ಸ್ವಲ್ಪ ಮುಂಚೆ ದಕ್ಷಿಣಕ್ಕೆ ದಾಟಿಬಿಟ್ಟರು.

ಈ ಪ್ರಸಂಗ ಓದುವಾಗ ನನಗೆ ಅನ್ನಿಸಿದ್ದು: ಪ್ಯಾರಾ ತರಬೇತಿಯಲ್ಲಿ ಸಿಗುವುದು ಹಾರುವ ವಿದ್ಯೆ ಒಂದೇ ಅಲ್ಲ. ಶತ್ರುವಿನ ಬೆನ್ನ ಹಿಂದೆ ಇಳಿದ ಮೇಲೆ ಯಾರೂ ಸಾಮಾನು ತಂದುಕೊಡುವುದಿಲ್ಲ, ಇರುವುದರಲ್ಲೇ ನಿಭಾಯಿಸಬೇಕು ಅನ್ನುವ ಅಭ್ಯಾಸವೂ ಸಿಗುತ್ತದೆ. ಪ್ಯೊಂಗ್ಯಾಂಗ್‌ನಲ್ಲಿ ಯಾರೂ ಹಾರಲಿಲ್ಲ. ಆದರೆ ಕೆಲಸಕ್ಕೆ ಬಂದದ್ದು ಅದೇ ಅಭ್ಯಾಸ.

1951: ಮುನ್ಸಾನ್-ನಿ

ಮೂರು ತಿಂಗಳ ನಂತರ ಹಾರುವ ದಿನವೂ ಬಂತು. 1951ರ ಮಾರ್ಚ್ 23, ಗುಡ್ ಫ್ರೈಡೇ. ಸೋಲ್ ನಗರದ ವಾಯವ್ಯಕ್ಕಿರುವ ಮುನ್ಸಾನ್-ನಿ ಎಂಬಲ್ಲಿ, ಹಿಂದೆ ಸರಿಯುತ್ತಿದ್ದ ಶತ್ರುಪಡೆಯ ದಾರಿ ಕಟ್ಟಲು, ಅಮೆರಿಕದ 187ನೇ ಪ್ಯಾರಾಚೂಟ್ ಪಡೆಯನ್ನು ಆಕಾಶದಿಂದ ಇಳಿಸುವ ಯೋಜನೆ. ಅದರ ಹೆಸರು ಆಪರೇಷನ್ ಟಾಮಾಹಾಕ್. ಸುಮಾರು 3,400 ಮಂದಿ ಹಾರಿದರು. ಕೊರಿಯಾ ಯುದ್ಧಕ್ಕೆಂದೇ ಕಟ್ಟಿದ್ದ ರೇಂಜರ್ ಕಂಪನಿಗಳಲ್ಲಿ ಎರಡು, 2ನೆಯದು ಮತ್ತು 4ನೆಯದು, ಅವರ ಜೊತೆಗಿದ್ದವು. ರೇಂಜರ್‌ಗಳು ಯುದ್ಧಭೂಮಿಗೆ ಪ್ಯಾರಾಚೂಟ್‌ನಲ್ಲಿ ಇಳಿದದ್ದು ಅದೇ ಮೊದಲು. 2ನೇ ಕಂಪನಿಯವರೆಲ್ಲ ಕಪ್ಪು ಜನಾಂಗದ ಸೈನಿಕರು.

ಅದೇ ವಿಮಾನಗಳ ಸಾಲಿನಿಂದ 12 ಮಂದಿ ಭಾರತೀಯರೂ ಹಾರಿದರು. 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್‌ನ ಶಸ್ತ್ರಚಿಕಿತ್ಸೆಯ ತಂಡ ಅದು, ರಂಗರಾಜ್ ಅವರ ನೇತೃತ್ವದಲ್ಲಿ.

3,400ರಲ್ಲಿ 12 ಏನು ಮಹಾ ಅನ್ನಿಸಬಹುದು. ಲೆಕ್ಕವನ್ನು ಬೇರೆ ಥರ ನೋಡಿ. ಸಾವಿರಾರು ಜನ ಒಟ್ಟಿಗೆ ಧುಮುಕಿದಾಗ ಗುಂಡು ತಗಲುವ ಮೊದಲೇ ಗಾಯಗಳು ಶುರು. ಇಳಿಯುವ ಹೊಡೆತಕ್ಕೇ ಹತ್ತಾರು ಮಂದಿಗೆ ಪೆಟ್ಟಾಗುತ್ತದೆ. ದಕ್ಷಿಣದಿಂದ ರಸ್ತೆಯಲ್ಲಿ ಬರುತ್ತಿದ್ದ ಟ್ಯಾಂಕ್ ಪಡೆಗೆ ದಾರಿಯುದ್ದಕ್ಕೂ ನೆಲಬಾಂಬ್‌ಗಳ ಕಾಟ. ಅವರು ಬಂದು ಸೇರುವವರೆಗೆ, ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುವವರೆಗೆ, ಗಾಯಾಳುವಿಗೆ ಸಿಗುವ ವೈದ್ಯ ಅಂದ್ರೆ ಅವನ ಜೊತೆ ಹಾರಿದ ವೈದ್ಯ ಮಾತ್ರ. ಹೊಟ್ಟೆಗೆ ಗುಂಡು ಬಿದ್ದವನಿಗೂ ತೊಡೆಯ ರಕ್ತನಾಳ ಹರಿದವನಿಗೂ ನಾಳೆ ಬರುವ ದೊಡ್ಡ ಆಸ್ಪತ್ರೆಗಿಂತ ಇವತ್ತು ಪಕ್ಕದಲ್ಲಿರುವ ಒಬ್ಬ ಸರ್ಜನ್ ದೊಡ್ಡವನು.

ಆ 12 ಜನಕ್ಕೆ ಪ್ಯಾರಾಚೂಟ್ ಅರ್ಹತೆ ಆ ದಿನ ಸಿಕ್ಕಿದ್ದಲ್ಲ. ಊರಲ್ಲಿ, ಶಾಂತಿಯ ಕಾಲದಲ್ಲಿ, ಬೆವರು ಸುರಿಸಿ ಪಡೆದದ್ದು. ಅದಿಲ್ಲದೆ ಇದ್ದಿದ್ದರೆ ಜಗತ್ತಿನ ಯಾವ ಡಿಗ್ರಿಯೂ ಅವರನ್ನು ಆ ಗದ್ದೆಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಿರಲಿಲ್ಲ.

ಈ ಘಟಕ ಕೊರಿಯಾದಲ್ಲಿ ಮೂರು ವರ್ಷಕ್ಕೂ ಮೀರಿ ಇತ್ತು. ಸೈನಿಕರು, ಊರಿನ ಜನ ಎಲ್ಲ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಕೊಟ್ಟಿತು, ಸುಮಾರು 2,300 ಶಸ್ತ್ರಚಿಕಿತ್ಸೆ ಮಾಡಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. 1953ರ ಜುಲೈನಲ್ಲಿ ಕದನವಿರಾಮವಾದ ಮೇಲೆ ಯುದ್ಧಕೈದಿಗಳ ವಿಷಯ ಬಗೆಹರಿಸಲು ಬಂದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಕೊರಿಯಾದ ಹಳಬರು ಭಾರತವನ್ನು ನೆನೆಸಿಕೊಳ್ಳುವಾಗ ಈ ವೈದ್ಯರನ್ನು, ಆ ಆಯೋಗವನ್ನು ಎರಡನ್ನೂ ನೆನೆಯುತ್ತಾರೆ.

ಪರೀಕ್ಷೆ ಏನನ್ನು ಅಳೆಯುತ್ತದೆ?

ನನ್ನ ಉದ್ಯೋಗ ಡೇಟಾ ಜೊತೆ. ಯಾವುದೇ ಅಳತೆ ಕಂಡರೂ ಮೊದಲು ಕೇಳೋದು, ಇದು ನಿಜವಾಗಿ ಏನನ್ನು ಅಳೀತಾ ಇದೆ ಅಂತ. ಹತ್ತು ಮೈಲಿ ಓಡಿದವನು ಒಳ್ಳೇ ಸರ್ಜನ್ ಅನ್ನೋದಕ್ಕೆ ಏನು ಆಧಾರ? ಏನೂ ಇಲ್ಲ. ಓಟಕ್ಕೂ ಹೊಲಿಗೆಯ ನಾಜೂಕಿಗೂ ಸಂಬಂಧ ಇಲ್ಲ.

ಆದರೆ ಬ್ರಿಟನ್ನಿನ ಪಿ ಕಂಪನಿಯಲ್ಲಿ ಒಂದು ಪರೀಕ್ಷೆ ಇದೆ, ಅದರ ಹೆಸರೇ ಸ್ಟ್ರೆಚರ್ ರೇಸ್. 16 ಜನರ ತಂಡ. ಸುಮಾರು 80 ಕಿಲೋ ತೂಕದ ಕಬ್ಬಿಣದ ಸ್ಟ್ರೆಚರ್. ಒಂದು ಸಲಕ್ಕೆ ನಾಲ್ಕು ಜನ ಮಾತ್ರ ಹೊರಬಹುದು. ಏರು ತಗ್ಗಿನ ನೆಲದಲ್ಲಿ ಐದು ಮೈಲಿ, ಅಂದ್ರೆ ಎಂಟು ಕಿಲೋಮೀಟರ್. ಹೆಗಲು ಕೊಟ್ಟವನು ಸುಸ್ತಾದಾಗ ಪಕ್ಕದವನು ಓಡಿ ಬಂದು ಹೆಗಲು ಕೊಡಬೇಕು. ಒಬ್ಬ ಹಿಂದೆ ಬಿದ್ದರೆ ಉಳಿದವರ ಮೇಲೆ ಅವನ ಪಾಲಿನ ಭಾರ. ನೋಡಿ, ಕಾಲಾಳುಗಳನ್ನು ಆರಿಸಲು ಮಾಡಿದ ಪರೀಕ್ಷೆಯ ನಡುವೆಯೇ ಗಾಯಾಳುವನ್ನು ಹೊರುವ ಕೆಲಸ ಕೂತಿದೆ. ಈ ಪರೀಕ್ಷೆ ವೈದ್ಯನ ಜಾಣತನವನ್ನು ಅಳೆಯೋದಿಲ್ಲ. ಅವನು ಉಳಿದವರಿಗೆ ಹೊರೆಯಾಗ್ತಾನಾ, ಇಲ್ಲ ಹೆಗಲಾಗ್ತಾನಾ ಅನ್ನೋದನ್ನ ಅಳೆಯುತ್ತೆ.

ಇದಕ್ಕೆ 1982ರ ಫಾಕ್ಲೆಂಡ್ ಯುದ್ಧದ ಒಂದು ಉದಾಹರಣೆ ಸಾಕು. ರಿಕ್ ಜಾಲಿ ಬ್ರಿಟನ್ನಿನ ನೌಕಾಪಡೆಯ ಸರ್ಜನ್, ಕಮಾಂಡೋ ತರಬೇತಿ ಮುಗಿಸಿ ಹಸಿರು ಟೋಪಿ ಗಳಿಸಿದವರು. ಮೇ 21ರಂದು ಆರ್ಡೆಂಟ್ ಎಂಬ ಯುದ್ಧನೌಕೆಯ ಮೇಲೆ ಬಾಂಬ್ ಬಿತ್ತು. ಇಬ್ಬರು ನಾವಿಕರು ದಕ್ಷಿಣ ಅಟ್ಲಾಂಟಿಕ್‌ನ ಕೊರೆಯುವ ನೀರಲ್ಲಿ ಮುಳುಗುತ್ತಿದ್ದರು. ಮೇಲೆ ಬಂದ ಹೆಲಿಕಾಪ್ಟರ್‌ನಲ್ಲಿದ್ದ ಡಾಕ್ಟರ್ ಜಾಲಿ ತಾವೇ ಹಗ್ಗ ಕಟ್ಟಿಕೊಂಡು ನೀರಿಗಿಳಿದು, ಒಬ್ಬರಾದ ಮೇಲೆ ಒಬ್ಬರನ್ನು ಮೇಲೆತ್ತಿಸಿದರು. ಆಮೇಲೆ ಏಜಾಕ್ಸ್ ಬೇ ಎಂಬಲ್ಲಿ, ಹಳೇ ಮಾಂಸ ಶೈತ್ಯಾಗಾರದಲ್ಲಿ, ಅವರು ಆಸ್ಪತ್ರೆ ನಡೆಸಿದರು. ಕಟ್ಟಡಕ್ಕೆ ಬಿದ್ದು ಸಿಡಿಯದೆ ಉಳಿದ ಬಾಂಬ್‌ಗಳ ನಡುವೆಯೇ ಆಪರೇಷನ್‌ಗಳು ನಡೆದವು. ಬ್ರಿಟಿಷರಿಗೂ ಅರ್ಜೆಂಟೀನಾದವರಿಗೂ ಒಂದೇ ಸಾಲು, ಒಂದೇ ಆರೈಕೆ. ಮುಂದೆ ಎರಡೂ ದೇಶಗಳು ಅವರಿಗೆ ಗೌರವ ಕೊಟ್ಟವು.

ಕಮಾಂಡೋ ತರಬೇತಿ ಪಡೆದ ವೈದ್ಯ ಶತ್ರುವಿನ ಗಾಯವನ್ನೂ ಹೊಲಿದರು ಅನ್ನೋದು ವಿರೋಧಾಭಾಸ ಅಲ್ಲ, ಅದೇ ಕಾನೂನು. 1949ರ ಮೊದಲನೇ ಜಿನೀವಾ ಒಪ್ಪಂದದ ಪ್ರಕಾರ ವೈದ್ಯಕೀಯ ಸಿಬ್ಬಂದಿಗೆ ರಕ್ಷಣೆ ಇದೆ. ಅವರ ಮೇಲೆ ದಾಳಿ ಮಾಡುವಂತಿಲ್ಲ. ತಮ್ಮನ್ನು, ತಮ್ಮ ರೋಗಿಗಳನ್ನು ಕಾಪಾಡಿಕೊಳ್ಳಲು ಅವರು ಆಯುಧ ಇಟ್ಟುಕೊಳ್ಳಬಹುದು. ಆದರೆ ತಾವೇ ದಾಳಿಗೆ ಹೊರಟರೆ ಆ ರಕ್ಷಣೆ ಹೋಯಿತು. ಹಾಗಾಗಿ ಪ್ಯಾರಾ ಡಾಕ್ಟರ್ ಒಂದು ವಿಚಿತ್ರವಾದ ಗೆರೆಯ ಮೇಲೆ ನಡೆಯುತ್ತಾನೆ. ಸೈನಿಕ ಕಲಿಯುವ ವಿದ್ಯೆಯನ್ನೆಲ್ಲ ಕಲಿಯಬೇಕು, ಮತ್ತೆ ಅದರಲ್ಲಿ ಮುಖ್ಯವಾದ ಭಾಗವನ್ನು ಬಳಸದೆ ಉಳಿಯಬೇಕು.

ಸೈನಿಕ ಕಲಿತ ವೈದ್ಯ

ಒಂದೇ ಬಾಗಿಲಿನಿಂದ ಹೋಗುವುದರ ಲಾಭ ಎರಡೂ ಕಡೆಗೆ ಹರಿಯುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಅಮೆರಿಕದ ರೇಂಜರ್ ರೆಜಿಮೆಂಟ್ 1990ರ ದಶಕದ ಕೊನೆಯಲ್ಲಿ, ಸ್ಟ್ಯಾನ್ಲಿ ಮೆಕ್‌ಕ್ರಿಸ್ಟಲ್ ಮುಖ್ಯಸ್ಥರಾಗಿದ್ದಾಗ, ಪ್ರತಿ ಸೈನಿಕನ ತರಬೇತಿಗೆ ನಾಲ್ಕು ಕಂಬಗಳನ್ನು ಗೊತ್ತುಮಾಡಿತು: ದೇಹಶಕ್ತಿ, ಗುರಿ ಹೊಡೆಯುವುದು, ಸಣ್ಣ ತಂಡಗಳ ಯುದ್ಧಕ್ರಮ, ಮತ್ತು ಪ್ರಥಮ ಚಿಕಿತ್ಸೆ. ನಾಲ್ಕನೆಯದು ಉಳಿದ ಮೂರಕ್ಕೆ ಸಮ. ರಕ್ತ ನಿಲ್ಲಿಸುವ ಪಟ್ಟಿ ಕಟ್ಟುವುದು, ಉಸಿರಿನ ದಾರಿ ತೆರೆಯುವುದು ಪ್ರತಿಯೊಬ್ಬ ರೇಂಜರ್‌ಗೂ ಬರಲೇಬೇಕು.

ಆ ರೆಜಿಮೆಂಟಿನ ವೈದ್ಯರಾಗಿದ್ದ ರಸ್ ಕೊತ್ವಾಲ್ ಮತ್ತು ಸಂಗಡಿಗರು 2011ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. 2001ರ ಅಕ್ಟೋಬರ್‌ನಿಂದ 2010ರ ಮಾರ್ಚ್‌ವರೆಗೆ ಕಾಳಗದಲ್ಲಿ ಪೆಟ್ಟು ತಿಂದ ರೇಂಜರ್‌ಗಳು 419. ಸತ್ತವರು 32. ಆಸ್ಪತ್ರೆ ತಲುಪುವ ಮೊದಲು, ಉಳಿಸಬಹುದಾಗಿದ್ದ ಗಾಯದಿಂದ ಸತ್ತವರು ಒಬ್ಬರೂ ಇಲ್ಲ. ಅದೇ ವರ್ಷಗಳಲ್ಲಿ ಇಡೀ ಅಮೆರಿಕ ಸೇನೆಯನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆಗೆ ಮುಂಚೆಯೇ ಸತ್ತವರಲ್ಲಿ ಸುಮಾರು ಕಾಲು ಭಾಗದಷ್ಟು ಜನ ಬದುಕುವ ಸಾಧ್ಯತೆ ಇತ್ತು ಅಂತ ಕಂಡುಬಂತು.

ಡೇಟಾ ಕೆಲಸದವನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ರೇಂಜರ್‌ಗಳು ಆರಿಸಿ ತೆಗೆದವರು, ಅವರ ಕಾರ್ಯಾಚರಣೆಗಳೂ ಬೇರೆ ಥರ, 419 ದೊಡ್ಡ ಸಂಖ್ಯೆಯೇನಲ್ಲ. ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ತೀರ್ಪು ಕೊಡೋದು ಸುಲಭ, ಸರಿಯಲ್ಲ. ಡಾಕ್ಟರ್ ಬೆಟ್ಟ ಹತ್ತಿದ್ದರಿಂದ ಇಷ್ಟು ಜೀವ ಉಳಿಯಿತು ಅಂತ ಈ ಅಂಕಿಗಳಿಂದ ಹೇಳೋಕಾಗಲ್ಲ. ಇಷ್ಟು ಮಾತ್ರ ಹೇಳಬಹುದು: ಪ್ರಥಮ ಚಿಕಿತ್ಸೆ ಬರೀ ವೈದ್ಯರ ಕೆಲಸ ಅಲ್ಲ, ಬಂದೂಕಿನಷ್ಟೇ ಮುಖ್ಯ ಅಂತ ಗಟ್ಟಿ ಸೈನಿಕರನ್ನು ಒಪ್ಪಿಸಬೇಕಾದರೆ, ಒಪ್ಪಿಸುವವನು ಅವರ ಜೊತೆ ಮೂಟೆ ಹೊತ್ತವನಾಗಿದ್ದರೆ ಮಾತಿಗೆ ತೂಕ ಬರುತ್ತದೆ.

ರಂಗರಾಜ್ ಆಮೇಲೆ ಏನಾದರು?

ಸೇನೆ ಬಿಟ್ಟ ಮೇಲೆ ಅವರು ವಿಶ್ವ ಆರೋಗ್ಯ ಸಂಸ್ಥೆ ಸೇರಿದರು. ಸಿಡುಬು ನಿರ್ಮೂಲನೆಯ ಕೆಲಸಕ್ಕೆ ಅಫ್ಘಾನಿಸ್ತಾನಕ್ಕೆ ಹೋದರು. ರಸ್ತೆಯಿಲ್ಲದ ಕಣಿವೆಗಳು, ಹಿಮ ಬಿದ್ದರೆ ತಿಂಗಳುಗಟ್ಟಲೆ ದಾರಿ ಬಂದ್ ಆಗುವ ಹಳ್ಳಿಗಳು. ಸಿಡುಬಿನ ಕೀವನ್ನೇ ಚರ್ಮಕ್ಕೆ ಹಚ್ಚುವ ಹಳೇ ಪದ್ಧತಿಯವರು ಊರೂರು ತಿರುಗುತ್ತಿದ್ದರು, ಅದರಿಂದ ರೋಗ ಇನ್ನಷ್ಟು ಹರಡುತ್ತಿತ್ತು. ಲಸಿಕೆ ಹಾಕುವವರು ನಡೆದುಕೊಂಡೇ ಮನೆಮನೆಗೆ ಹೋಗಬೇಕಿತ್ತು. 1972ರ ಹೊತ್ತಿಗೆ ಆ ದೇಶದೊಳಗೆ ಸಿಡುಬು ಹರಡುವುದು ನಿಂತುಹೋಯಿತು.

ಇಲ್ಲಿ ಪ್ಯಾರಾಚೂಟೂ ಇಲ್ಲ, ಗುಂಡೂ ಇಲ್ಲ. ಆದರೆ ಕೆಲಸದ ತಿರುಳು ಮುನ್ಸಾನ್-ನಿಯದ್ದೇ: ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ರೋಗಿಯ ಹತ್ತಿರ ಹೋಗಬೇಕು.

ಹಾರುವವರ ಸಾಲೂ ಬೆಳೆಯಿತು. 1959ರಲ್ಲಿ ಭಾರತದ ಮೊದಲ ಮಹಿಳಾ ಪ್ಯಾರಾಟ್ರೂಪರ್ ಆದವರು ಗೀತಾ ಚಂದಾ. ಅವರೂ ಡಾಕ್ಟರ್, ವಾಯುಪಡೆಯ ವೈದ್ಯಾಧಿಕಾರಿ. ಮೊದಲ ಇಬ್ಬರು ಪುರುಷರಲ್ಲಿ ಒಬ್ಬರು ವೈದ್ಯರು, ಮೊದಲ ಮಹಿಳೆಯೂ ವೈದ್ಯೆ!

60ನೇ ಘಟಕವೂ ಇವತ್ತಿಗೂ ಇದೆ, ಈಗ ಹೆಸರು 60 ಪ್ಯಾರಾ ಫೀಲ್ಡ್ ಹಾಸ್ಪಿಟಲ್, ನೆಲೆ ಆಗ್ರಾ. 2023ರ ಫೆಬ್ರವರಿ 6ರಂದು ಟರ್ಕಿಯಲ್ಲಿ ಭೂಕಂಪವಾದಾಗ, ಮರುದಿನವೇ ಹೊರಟ ಭಾರತದ ತಂಡ ಇದು. 99 ಮಂದಿ. ಇಸ್ಕೆಂದೆರೂನ್ ಎಂಬ ಊರಲ್ಲಿ ಆಸ್ಪತ್ರೆ ತೆರೆದು ಎರಡು ವಾರದೊಳಗೆ ಸುಮಾರು 3,600 ಜನರಿಗೆ ಚಿಕಿತ್ಸೆ ಕೊಟ್ಟರು. ಸೇನಾ ಸಮವಸ್ತ್ರದ ಭಾರತೀಯ ವೈದ್ಯೆಯನ್ನು ಟರ್ಕಿಯ ಹೆಂಗಸೊಬ್ಬರು ತಬ್ಬಿ ಕೆನ್ನೆಗೆ ಮುತ್ತು ಕೊಡುವ ಫೋಟೋ ನಿಮ್ಮ ಫ್ಯಾಮಿಲಿ ಗ್ರೂಪಲ್ಲೂ ಬಂದಿರಬಹುದು. ಆ ತಂಡ ಅಲ್ಲಿಗೆ ಹಾರಿ ಇಳಿಯಲಿಲ್ಲ, ದೊಡ್ಡ ವಿಮಾನದಲ್ಲೇ ಹೋಯಿತು. ಆದರೆ ಕೆಲವೇ ಗಂಟೆಯಲ್ಲಿ ಗಂಟುಮೂಟೆ ಕಟ್ಟಿ ಹೊರಡುವ ಸಿದ್ಧತೆ, ಕೊರೆಯುವ ಚಳಿಯಲ್ಲಿ ತಾವೇ ಎಲ್ಲ ಜೋಡಿಸಿಕೊಳ್ಳುವ ಅಭ್ಯಾಸ, ಪ್ಯೊಂಗ್ಯಾಂಗ್‌ನಲ್ಲಿ ಬಕೆಟ್ ದಾಟಿಸಿದ ಘಟಕದ ಬಳುವಳಿ ಅಂದ್ರೆ ತಪ್ಪಾಗಲ್ಲ.

ಮತ್ತೆ ಹಾಸನಕ್ಕೆ

ಹೋದ ಭಾನುವಾರ ಚಿಕ್ಕಮ್ಮನಿಗೆ ನಾನೇ ಫೋನ್ ಮಾಡಿದೆ. ಇದೆಲ್ಲವನ್ನೂ ಹೇಳಿದೆ, ರೈಲಿನ ಕತೆಯನ್ನ ಸ್ವಲ್ಪ ಉದ್ದವಾಗಿಯೇ. ಓದಿದ್ದು ವ್ಯರ್ಥ ಆಗಲ್ಲ ಚಿಕ್ಕಮ್ಮ, ಆ ಓದು ಬೇಕಾದ ಜಾಗಕ್ಕೆ ಹೋಗೋ ದಾರಿ ಅದು, ಅಂದೆ. ಎಲ್ಲ ಡಾಕ್ಟರೂ ಹೋಗಬೇಕಿಲ್ಲ, ಆದರೆ ಕೆಲವರು ಹೋಗಲೇಬೇಕು, ಅಂದೆ. ಅವರು ನಡುವೆ ಎಲ್ಲೂ ಬಾಯಿ ಹಾಕಲಿಲ್ಲ. ಕುಕ್ಕರ್ ಎರಡು ಸಲ ಕೂಗಿದ್ದು ಕೇಳಿಸಿತು.

ಕೊನೆಗೆ ಕೇಳಿದರು, "ಇಳಿಯುವಾಗ ಕಾಲು ಗೀಲು ಮುರಿದ್ರೆ?"

"ಅದಕ್ಕೇ ಅಲ್ವಾ ಚಿಕ್ಕಮ್ಮ, ಜೊತೆಗೇ ಡಾಕ್ಟರ್ ಹಾರಿರ್ತಾರೆ."

"ಆ ಡಾಕ್ಟರೇ ಇವನಲ್ವೇನೋ?"

ನನಗೆ ತಟ್ಟನೆ ಮಾತು ಹೊರಡಲಿಲ್ಲ. ಅವರೇ ಸ್ವಲ್ಪ ಹೊತ್ತಿನ ಮೇಲೆ, "ಸರಿ, ಓಡೋಕೆ ಒಳ್ಳೇ ಶೂ ತಗೋ ಅಂತ ಹೇಳು ಅವನಿಗೆ. ನಾನು ಹೇಳಿದ್ರೆ ಕೇಳಲ್ಲ," ಅಂದು ಫೋನ್ ಇಟ್ಟರು. ಅವನ ಪ್ರೊಬೇಷನ್ ಮುಂದಿನ ತಿಂಗಳು ಶುರು.